ಪೆನ್‌ಡ್ರೈವ್ ಬೂಟ್ ಆಗದಿದ್ದಾಗ ಮೊದಲು ಪರದೆಯನ್ನು ಓದಿ

2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಬೆಂಬಲದ ಅವಧಿ ಮುಗಿಯಿತು. ನೋಂದಾಯಿಸಿಕೊಂಡವರಿಗೆ ಇನ್ನೊಂದು ವರ್ಷ ಭದ್ರತಾ ಅಪ್‌ಡೇಟ್‌ಗಳು ದೊರೆಯುವ ಏರ್ಪಾಡು ಇದೆಯಾದರೂ, ಅಂದಿನಿಂದ ನೆಂಟರಿಂದ, ಸ್ನೇಹಿತರಿಂದ ನನಗೆ ಬರುವ ಫೋನ್ ಕರೆಗಳಲ್ಲಿ ಹೆಚ್ಚಿನವು ಒಂದೇ ದೂರನ್ನು ಹೊತ್ತು ಬರುತ್ತಿವೆ: ಹಳೆಯ ಲ್ಯಾಪ್‌ಟಾಪಿಗೆ ವಿಂಡೋಸ್ 11 ಹಾಕಲು ಪೆನ್‌ಡ್ರೈವ್ ಮಾಡಿಕೊಂಡಿದ್ದೇನೆ, ಅದು ಬೂಟ್ ಆಗುತ್ತಿಲ್ಲ. ಇವರ ಯಂತ್ರಗಳು ಮೈಕ್ರೋಸಾಫ್ಟ್ ಒಪ್ಪುವ ಪಟ್ಟಿಯಲ್ಲಿಲ್ಲ. ವಿಂಡೋಸ್ 11ಕ್ಕೆ ಭದ್ರತಾ ಕೀಲಿಗಳನ್ನು ಕಾಪಾಡುವ ಟಿಪಿಎಂ 2.0 ಚಿಪ್ ಬೇಕು, ಸೆಕ್ಯೂರ್ ಬೂಟ್ (ಸರಿಯಾದ ಸಹಿಯಿರುವ ಬೂಟ್ ಕಡತವನ್ನಷ್ಟೇ ಓಡಲು ಬಿಡುವ) ಸೌಲಭ್ಯವಿರುವ ಯುಇಎಫ್‌ಐ, ಎಂದರೆ ಯಂತ್ರವನ್ನು ಎಬ್ಬಿಸುವ ಹೊಸ ಬಗೆಯ ತಂತ್ರಾಂಶ ಬೇಕು, ಕನಿಷ್ಠ 4 ಜಿಬಿ ರ್‍ಯಾಮ್ ಮತ್ತು 64 ಜಿಬಿ ಜಾಗ ಬೇಕು, ಪ್ರೊಸೆಸರ್ ಇಂಟೆಲ್‌ನದಾದರೆ ಕೆಲವು ಅಪವಾದಗಳನ್ನು ಬಿಟ್ಟು 8ನೇ ತಲೆಮಾರಿನದೋ ಅದಕ್ಕಿಂತ ಹೊಸದೋ ಆಗಿರಬೇಕು. ಹೀಗಾಗಿ ಎಸ್‌ಎಸ್‌ಡಿ ಹಾಕಿಸಿಕೊಂಡು ಇಂದಿಗೂ ಚುರುಕಾಗಿ ಕೆಲಸ ಮಾಡುವ 4ನೆಯ, 6ನೆಯ ತಲೆಮಾರಿನ ಯಂತ್ರಗಳೆಲ್ಲ ಪಟ್ಟಿಯಿಂದ ಹೊರಗುಳಿದಿವೆ. ಚೆನ್ನಾಗಿ ನಡೆಯುವ ಯಂತ್ರವನ್ನು ಕೇವಲ ಪಟ್ಟಿಯಲ್ಲಿಲ್ಲವೆಂಬ ಕಾರಣಕ್ಕೆ ಗುಜರಿಗೆ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಆದ್ದರಿಂದಲೇ ಇಂಥ ಕರೆಗಳಿಗೆ ನಾನು ಬೇಸರವಿಲ್ಲದೆ ಸಮಯ ಕೊಡುತ್ತೇನೆ.

ಈ ಕರೆಗಳಲ್ಲಿ ನಾನು ಕಂಡಿರುವುದೇನೆಂದರೆ, ಪೆನ್‌ಡ್ರೈವ್ ಬೂಟ್ ಆಗಲಿಲ್ಲ ಎಂದ ಕೂಡಲೇ ಬಹುತೇಕ ಎಲ್ಲರೂ ಮಾಡುವ ಕೆಲಸ ಒಂದೇ, ಅದನ್ನು ಅಳಿಸಿ ಮತ್ತೆ ಬರೆಯುವುದು. ಅದೂ ಆಗದಿದ್ದರೆ ಬೇರೆ ತಂತ್ರಾಂಶದಲ್ಲಿ ಬರೆಯುತ್ತಾರೆ, ಬಳಿಕ ಬೇರೆ ಪೆನ್‌ಡ್ರೈವ್ ಕೊಳ್ಳುತ್ತಾರೆ. ಐದಾರು ಜಿಬಿಯ ಕಡತವನ್ನು ಪ್ರತಿ ಸಲ ಬರೆಯಲು ಹಳೆಯ ಯಂತ್ರಗಳಲ್ಲಿ ಬಹಳ ಹೊತ್ತು ಹಿಡಿಯುತ್ತದೆ, ಮತ್ತು ಬಹುತೇಕ ಸಂದರ್ಭಗಳಲ್ಲಿ ತೊಂದರೆ ಇರುವುದು ಪೆನ್‌ಡ್ರೈವಿನಲ್ಲಿ ಅಲ್ಲವೇ ಅಲ್ಲ. ಅದನ್ನು ಮುಟ್ಟುವ ಮೊದಲು, ಕೆಲಸ ಯಾವ ಹಂತದವರೆಗೆ ನಡೆದು ಎಲ್ಲಿ ನಿಂತಿತು ಎಂಬುದನ್ನು ಪರದೆ ನೋಡಿ ತಿಳಿದುಕೊಳ್ಳಬೇಕು ಎಂಬುದೇ ಈ ಬರಹದಲ್ಲಿ ನಾನು ಹೇಳಬೇಕೆಂದಿರುವ ಮಾತು.

ಪೆನ್‌ಡ್ರೈವ್ ಚುಚ್ಚಿ ಪವರ್ ಗುಂಡಿ ಒತ್ತಿದಾಗ ನಡೆಯುವುದು ಒಂದೇ ಕೆಲಸವಲ್ಲ. ಮೊದಲು ಯಂತ್ರದ ಫರ್ಮ್‌ವೇರ್, ಎಂದರೆ ನಾವು ಇಂದಿಗೂ ಬಯಾಸ್ ಎಂದೇ ಕರೆಯುವ ತಂತ್ರಾಂಶ, ಪೆನ್‌ಡ್ರೈವನ್ನು ಗುರುತಿಸಬೇಕು. ಎರಡನೆಯದಾಗಿ ಅದರೊಳಗಿನ ಬೂಟ್ ಕಡತವನ್ನು ಹುಡುಕಿ, ಸಹಿ ಸರಿಯಿದೆಯೇ ಎಂದು ನೋಡಿ, ಓಡಿಸಬೇಕು. ಆ ಬಳಿಕ ಬೂಟ್ ಡಾಟ್ ವಿಮ್ ಎಂಬ ಕಡತದಲ್ಲಿರುವ ಪುಟ್ಟ ವಿಂಡೋಸ್ ರ್‍ಯಾಮಿಗೆ ಏರಿ, ಸೆಟಪ್ ತೆರೆದುಕೊಳ್ಳಬೇಕು. ಸೆಟಪ್ ಯಂತ್ರದ ಅರ್ಹತೆಯನ್ನು ಪರೀಕ್ಷಿಸಿ, ಡಿಸ್ಕಿನ ಪಾರ್ಟಿಷನ್‌ಗಳನ್ನು, ಎಂದರೆ ಭಾಗಗಳನ್ನು, ಓದಿ, ಕೊನೆಗೆ ಇನ್‌ಸ್ಟಾಲ್ ಡಾಟ್ ವಿಮ್ ಕಡತದಿಂದ ನಿಜವಾದ ವಿಂಡೋಸನ್ನು ಡಿಸ್ಕಿಗೆ ಇಳಿಸಬೇಕು. ಇವುಗಳಲ್ಲಿ ಯಾವ ಹಂತ ಕೈಕೊಟ್ಟರೂ ಬಳಕೆದಾರರು ಹೇಳುವುದು ‘ಬೂಟ್ ಆಗುತ್ತಿಲ್ಲ’ ಎಂದೇ. ಆದರೆ ಒಂದೊಂದು ಹಂತದ ಸೋಲಿಗೂ ಪರದೆಯ ಮೇಲೆ ಅದರದೇ ಆದ ಗುರುತು ಇರುತ್ತದೆ.

ಶಿರಸಿಯಲ್ಲಿರುವ ನನ್ನ ಚಿಕ್ಕಪ್ಪನ ಮಗ ಡಿಟಿಪಿ ಕೆಲಸ ಮಾಡುತ್ತಾನೆ. ಮದುವೆಯ ಕರೆಯೋಲೆ, ಸಂಘಗಳ ವಾರ್ಷಿಕ ವರದಿ, ದೇವಸ್ಥಾನಗಳ ಕರಪತ್ರ ಇವೆಲ್ಲ ಅವನಲ್ಲಿ ಆಗುತ್ತವೆ. ಅವನ ಬಹಳಷ್ಟು ಹಳೆಯ ಕಡತಗಳು ಕನ್ನಡದಲ್ಲಿ ಯೂನಿಕೋಡ್ ಬಳಕೆಗೆ ಬರುವುದಕ್ಕೆ ಮುಂಚಿನ ನುಡಿ ಅಕ್ಷರಶೈಲಿಗಳಲ್ಲಿ ಪೇಜ್‌ಮೇಕರಿನಲ್ಲಿರುವುದರಿಂದ ವಿಂಡೋಸ್ ಬಿಟ್ಟು ಬೇರೆಡೆಗೆ ಹೋಗುವುದು ಅವನಿಗೆ ಸುಲಭವಲ್ಲ. ಅವನ ಲ್ಯಾಪ್‌ಟಾಪಿನಲ್ಲಿರುವುದು 4ನೇ ತಲೆಮಾರಿನ ಕೋರ್ ಐ5, 8 ಜಿಬಿ ರ್‍ಯಾಮ್, ಆಮೇಲೆ ಹಾಕಿಸಿದ ಒಂದು ಎಸ್‌ಎಸ್‌ಡಿ. ಟಿಪಿಎಂ ಇಲ್ಲ. ಒಂದು ರಾತ್ರಿ ಅವನು ಫೋನ್ ಮಾಡಿದ.

“ಅಣ್ಣಾ, ಪೆನ್‌ಡ್ರೈವ್ ಮತ್ತೆ ಮತ್ತೆ ಮಾಡಿ ನೋಡ್ದೆ. ಏನೂ ಬರ್ತಾ ಇಲ್ಲ.”

“ಏನೂ ಬರ್ತಾ ಇಲ್ಲ ಅಂದ್ರೆ ಪರದೆ ಕಪ್ಪಾಗೇ ಇರ್ತದಾ, ಇಲ್ಲಾ ಹಳೇ ವಿಂಡೋಸೇ ಶುರುವಾಗ್ತದಾ?”

“ಎರಡೂ ಅಲ್ಲ. ಇಂಗ್ಲಿಷಲ್ಲಿ ಏನೋ ನಾಲ್ಕು ಸಾಲು ಬಂದು ನಿಂತುಬಿಡ್ತದೆ, ಅಷ್ಟೇ.”

ಆ ಸಾಲುಗಳ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸು ಎಂದೆ. ಫೋಟೋ ಬಂತು. ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರಗಳಲ್ಲಿ, ಈ ಡ್ರೈವನ್ನು ರೂಫಸ್ ತಂತ್ರಾಂಶದಲ್ಲಿ ಸಿದ್ಧಪಡಿಸಲಾಗಿದೆ, ಇದು ಯುಇಎಫ್‌ಐ ವಿಧಾನದಲ್ಲಿ ಮಾತ್ರ ಬೂಟ್ ಆಗಬಲ್ಲದು, ನೀವು ಲೆಗಸಿ ವಿಧಾನದಲ್ಲಿ ಬೂಟ್ ಮಾಡಲು ಯತ್ನಿಸುತ್ತಿದ್ದೀರಿ, ಇದು ನಡೆಯುವುದಿಲ್ಲ ಎಂಬ ಅರ್ಥದ ಮಾತುಗಳಿದ್ದವು. ಉತ್ತರ ಪರದೆಯ ಮೇಲೆಯೇ ಇತ್ತು. ಪೆನ್‌ಡ್ರೈವಿನಲ್ಲಿ ಯಾವ ದೋಷವೂ ಇರಲಿಲ್ಲ. ಫರ್ಮ್‌ವೇರ್ ಅದನ್ನು ಗುರುತಿಸಿ, ಅದರ ಮೊದಲ ಸೆಕ್ಟರ್ ಓದಿ, ಅಲ್ಲಿದ್ದ ಎಚ್ಚರಿಕೆಯನ್ನು ಪ್ರಕಟಿಸಿತ್ತು.

ಈ ಲೆಗಸಿ ಮತ್ತು ಯುಇಎಫ್‌ಐ ವ್ಯತ್ಯಾಸವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹಳೆಯ ಯಂತ್ರಗಳ ಮುಕ್ಕಾಲು ಪಾಲು ತಾಪತ್ರಯ ಇಲ್ಲಿಂದಲೇ ಹುಟ್ಟುತ್ತದೆ. ಲೆಗಸಿ ವಿಧಾನದಲ್ಲಿ ಬಯಾಸ್ ಡಿಸ್ಕಿನ ಮೊಟ್ಟಮೊದಲ ಸೆಕ್ಟರಿನಲ್ಲಿರುವ 512 ಬೈಟುಗಳನ್ನು ಓದಿ, ಅಲ್ಲಿ ಏನಿದೆಯೋ ಅದನ್ನು ಓಡಿಸುತ್ತದೆ; ಈ ವಿಧಾನದಲ್ಲಿ ವಿಂಡೋಸ್ ಬೂಟ್ ಆಗಬೇಕಾದರೆ ಡಿಸ್ಕಿನಲ್ಲಿ ಎಂಬಿಆರ್ ಮಾದರಿಯ ಪಾರ್ಟಿಷನ್ ಪಟ್ಟಿ ಇರಬೇಕು. ಯುಇಎಫ್‌ಐ ಹಾಗೆ ಮಾಡುವುದಿಲ್ಲ. ಅದು ಪೆನ್‌ಡ್ರೈವಿನ ಫ್ಯಾಟ್ (ಕಡತಗಳನ್ನು ಜೋಡಿಸಿಡುವ ಒಂದು ಹಳೆಯ ಪದ್ಧತಿ) ಪಾರ್ಟಿಷನ್ನಿನೊಳಗೆ ಇಎಫ್‌ಐ ಎಂಬ ಫೋಲ್ಡರ್, ಅದರೊಳಗೆ ಬೂಟ್ ಎಂಬ ಫೋಲ್ಡರ್, ಅದರೊಳಗೆ ಬೂಟ್‌ಎಕ್ಸ್64 ಡಾಟ್ ಇಎಫ್‌ಐ ಎಂಬ ಕಡತವನ್ನು ಹೆಸರು ಹಿಡಿದು ಹುಡುಕುತ್ತದೆ. ಈ ವಿಧಾನದಲ್ಲಿ ವಿಂಡೋಸ್ ಕೂರಬೇಕಾದ ಡಿಸ್ಕಿನಲ್ಲಿ ಜಿಪಿಟಿ ಎಂಬ ಹೊಸ ಮಾದರಿಯ ಪಾರ್ಟಿಷನ್ ಪಟ್ಟಿ ಇರಬೇಕು. 2012–2015ರ ಸುಮಾರಿನ ಬಹಳಷ್ಟು ಲ್ಯಾಪ್‌ಟಾಪುಗಳು ಎರಡೂ ವಿಧಾನಗಳನ್ನು ಬಲ್ಲವು. ಆದರೆ ವಿಂಡೋಸ್ 7ರೊಂದಿಗೆ ಬಂದು ಅನಂತರ ಅದೇ ಸ್ಥಿತಿಯಲ್ಲಿ 10ಕ್ಕೆ ಏರಿದ ಯಂತ್ರಗಳು ಇಂದಿಗೂ ಲೆಗಸಿಯಲ್ಲೇ ಓಡುತ್ತಿರುತ್ತವೆ, ಮಾಲೀಕರಿಗೆ ಅದು ಗೊತ್ತಿರುವುದಿಲ್ಲ. ಗೊತ್ತುಮಾಡಿಕೊಳ್ಳುವುದು ಸುಲಭ: ಹಳೆಯ ವಿಂಡೋಸ್ ಇನ್ನೂ ಓಡುತ್ತಿರುವಾಗಲೇ ರನ್ ಪೆಟ್ಟಿಗೆಯಲ್ಲಿ ಎಂಎಸ್‌ಇನ್ಫೋ32 ಎಂದು ಟೈಪಿಸಿ ತೆರೆದರೆ ‘ಬಯಾಸ್ ಮೋಡ್’ ಎಂಬ ಸಾಲಿನಲ್ಲಿ ಲೆಗಸಿ ಅಥವಾ ಯುಇಎಫ್‌ಐ ಎಂದು ಬರೆದಿರುತ್ತದೆ. ಪೆನ್‌ಡ್ರೈವ್ ಮಾಡುವ ಮುಂಚೆ ಇದನ್ನೊಂದು ನೋಡಿಕೊಂಡಿದ್ದರೆ ಎಷ್ಟೋ ರಾತ್ರಿಗಳು ಉಳಿಯುತ್ತವೆ.

ತಮ್ಮನಿಗೆ ಬಯಾಸ್ ಒಳಗೆ ಹೋಗಿ ಬೂಟ್ ಮೋಡನ್ನು ಯುಇಎಫ್‌ಐಗೆ ಬದಲಿಸಲು ಹೇಳಿದೆ. ಬದಲಿಸಿದ, ಪೆನ್‌ಡ್ರೈವ್ ತೆಗೆದು ಯಂತ್ರವನ್ನು ಮತ್ತೆ ಹಚ್ಚಿದ, ಮತ್ತು ಗಾಬರಿಯಿಂದ ಕೂಗಿದ: “ಅಣ್ಣಾ, ಇದ್ದ ವಿಂಡೋಸೂ ಹೋಯ್ತು!” ಏನೂ ಹೋಗಿರಲಿಲ್ಲ. ಎಂಬಿಆರ್ ಡಿಸ್ಕಿನಲ್ಲಿ ಕುಳಿತ ಹಳೆಯ ವಿಂಡೋಸ್ ಯುಇಎಫ್‌ಐಗೆ ಕಾಣುವುದಿಲ್ಲ, ಅಷ್ಟೇ. ಮತ್ತೆ ಲೆಗಸಿಗೆ ಹಾಕಿದರೆ ಅದು ಎಂದಿನಂತೆ ಏಳುತ್ತದೆ. ಈ ಹಂತದಲ್ಲಿ ಹೆದರಿ ಡಿಸ್ಕ್ ಕೆಟ್ಟಿತೆಂದು ಅಂಗಡಿಗೆ ಹೊತ್ತೊಯ್ದವರನ್ನು ನಾನು ಬಲ್ಲೆ. ಹಾಗೆ ಮಾಡಬೇಕಿಲ್ಲ. ಆದರೆ ಇಲ್ಲಿಗೆ ಬರುವ ಮುನ್ನವೇ ಕಡತಗಳ ಒಂದು ಪ್ರತಿ ಬೇರೆ ಹಾರ್ಡ್‌ಡಿಸ್ಕಿನಲ್ಲಿ ಇರಬೇಕು. ಅವನಲ್ಲಿ ಇತ್ತು, ಹಾಗಾಗಿ ಮುಂದುವರಿದೆವು.

ಮುಂದಿನ ಕಥೆಗೆ ಹೋಗುವ ಮೊದಲು, ಪೆನ್‌ಡ್ರೈವ್ ಬೂಟ್ ಮೆನುವಿನಲ್ಲಿ ಕಾಣಿಸಿಕೊಳ್ಳದೇ ಹೋಗುವ ಬೇರೆ ಕಾರಣಗಳನ್ನು ಹೇಳಿಬಿಡುತ್ತೇನೆ. ಬೂಟ್ ಮೆನುವಿನ ಕೀಲಿ ಒಂದೊಂದು ಕಂಪನಿಗೆ ಒಂದೊಂದು ಬಗೆ: ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಅಸೂಸ್ ಲ್ಯಾಪ್‌ಟಾಪುಗಳಲ್ಲಿ ಎಸ್ಕೇಪ್. ಏಸರ್‌ನ ಹಲವು ಮಾದರಿಗಳಲ್ಲಿ ಎಫ್12 ಮೆನುವನ್ನು ಬಯಾಸಿನಲ್ಲಿ ಮೊದಲು ಸಕ್ರಿಯಗೊಳಿಸಬೇಕು. ಕೀಲಿ ಸರಿಯಿದ್ದೂ ಮೆನು ಬಾರದಿದ್ದರೆ ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಸೌಲಭ್ಯವನ್ನು ಅನುಮಾನಿಸಬೇಕು. ಅದು ಚಾಲ್ತಿಯಲ್ಲಿದ್ದಾಗ ‘ಶಟ್ ಡೌನ್’ ಒತ್ತಿದರೂ ಯಂತ್ರ ಪೂರ್ತಿಯಾಗಿ ಆರುವುದಿಲ್ಲ. ಶಿಫ್ಟ್ ಹಿಡಿದುಕೊಂಡು ಶಟ್ ಡೌನ್ ಒತ್ತಬೇಕು. ಫರ್ಮ್‌ವೇರಿನಲ್ಲಿಯೇ ಇರುವ ಫಾಸ್ಟ್ ಬೂಟ್ ಬೇರೆ. ಅದು ಚಾಲ್ತಿಯಲ್ಲಿದ್ದರೆ ಯುಎಸ್‌ಬಿ ಸಾಧನಗಳನ್ನು ಹುಡುಕುವ ಗೋಜಿಗೇ ಕೆಲವು ಯಂತ್ರಗಳು ಹೋಗುವುದಿಲ್ಲ. ನೀಲಿ ಬಣ್ಣದ ಯುಎಸ್‌ಬಿ 3 ಕಿಂಡಿಯಲ್ಲಿ ಕಾಣದ ಪೆನ್‌ಡ್ರೈವ್ ಪಕ್ಕದ ಕಪ್ಪು ಯುಎಸ್‌ಬಿ 2 ಕಿಂಡಿಯಲ್ಲಿ ಕಾಣುವುದು ಹಳೆಯ ಯಂತ್ರಗಳಲ್ಲಿ ಅಪರೂಪವಲ್ಲ. ಹಬ್ ಮೂಲಕವಂತೂ ಚುಚ್ಚಲೇಬಾರದು.

ಇನ್ನೊಂದು ಕಾರಣ ಮದರ್‌ಬೋರ್ಡಿನ ಮೇಲಿರುವ ಪುಟ್ಟ ಸಿಮೋಸ್ ಬ್ಯಾಟರಿ. ವರ್ಷಗಟ್ಟಲೆ ಕಪಾಟಿನಲ್ಲಿದ್ದ ಯಂತ್ರಗಳಲ್ಲಿ ಇದು ಸತ್ತಿರುತ್ತದೆ. ಆಗ ನೀವು ಬಯಾಸಿನಲ್ಲಿ ಮಾಡಿದ ಬದಲಾವಣೆಯನ್ನು, ಚಾರ್ಜರ್ ಮತ್ತು ಬ್ಯಾಟರಿ ಎರಡೂ ಇಲ್ಲದಂತಾದಾಗ, ಕೆಲವು ಯಂತ್ರಗಳು ಮರೆತುಬಿಡುತ್ತವೆ. ನಿನ್ನೆ ಯುಇಎಫ್‌ಐ ಆಗಿದ್ದದ್ದು ಇಂದು ಲೆಗಸಿ ಆಗಿರುತ್ತದೆ, ನಿನ್ನೆ ಬೂಟ್ ಆದ ಪೆನ್‌ಡ್ರೈವ್ ಇಂದು ಆಗುವುದಿಲ್ಲ, ದೂಷಣೆ ಪೆನ್‌ಡ್ರೈವಿನ ಮೇಲೆ ಬೀಳುತ್ತದೆ. ಬಯಾಸ್ ತೆರೆದಾಗ ದಿನಾಂಕದ ಸಾಲನ್ನು ಒಮ್ಮೆ ನೋಡಿ. ಹತ್ತಾರು ವರ್ಷ ಹಿಂದಿನ ದಿನಾಂಕ ಕಂಡರೆ ಮೊದಲು ಆ ಬ್ಯಾಟರಿ ಬದಲಿಸಬೇಕು. ಡೆಸ್ಕ್‌ಟಾಪುಗಳಲ್ಲಿ ಅದು ಸಾಮಾನ್ಯವಾಗಿ ಸಿಆರ್2032 ಎಂಬ ಬಿಲ್ಲೆ, ಕೈಗಡಿಯಾರದ ಅಂಗಡಿಯಲ್ಲಿಯೂ ಸಿಗುತ್ತದೆ.

ಪೆನ್‌ಡ್ರೈವಿನದೇ ತಪ್ಪಿರುವ ಸಂದರ್ಭಗಳೂ ಉಂಟು. ಅವುಗಳಲ್ಲಿ ಮುಖ್ಯವಾದದ್ದು ಕಡತದ ಗಾತ್ರ. ಯುಇಎಫ್‌ಐ ಖಚಿತವಾಗಿ ಓದಬಲ್ಲದ್ದು ಫ್ಯಾಟ್ ಮಾದರಿಯ ಪಾರ್ಟಿಷನ್ನುಗಳನ್ನು ಮಾತ್ರ. ಫ್ಯಾಟ್32ರಲ್ಲಿ ಒಂದು ಕಡತ 4 ಜಿಬಿ ಮುಟ್ಟುವಂತಿಲ್ಲ. ವಿಂಡೋಸ್ 11ರ ಐಎಸ್‌ಒ (ಇನ್‌ಸ್ಟಾಲಿಗೆ ಬೇಕಾದುದೆಲ್ಲವನ್ನೂ ಒಂದೇ ಕಡತವಾಗಿ ಕಟ್ಟಿಟ್ಟದ್ದು) ಒಳಗಿರುವ ಇನ್‌ಸ್ಟಾಲ್ ಡಾಟ್ ವಿಮ್ ಈ ಮಿತಿಯನ್ನು ಮೀರುತ್ತದೆ. ಐಎಸ್‌ಒ ತೆರೆದು ಎಲ್ಲವನ್ನೂ ಫ್ಯಾಟ್32 ಪೆನ್‌ಡ್ರೈವಿಗೆ ಎಳೆದುಹಾಕಿದವರಿಗೆ ಆ ಒಂದು ಕಡತ ಮಾತ್ರ ಬಂದಿರುವುದಿಲ್ಲ. ಬೂಟ್ ಆಗುತ್ತದೆ, ಸೆಟಪ್ ತೆರೆಯುತ್ತದೆ, ಇಳಿಸುವ ಹೊತ್ತಿಗೆ ಕಡತ ಸಿಗಲಿಲ್ಲವೆಂದು ನಿಲ್ಲುತ್ತದೆ. ಪೆನ್‌ಡ್ರೈವನ್ನು, ದೊಡ್ಡ ಕಡತಗಳಿಗೂ ಜಾಗ ಕೊಡುವ ಎನ್‌ಟಿಎಫ್‌ಎಸ್ ಪದ್ಧತಿಗೆ ಫಾರ್ಮ್ಯಾಟ್ ಮಾಡಿ ಎಳೆದುಹಾಕಿದವರಿಗೆ ಕಡತವೆಲ್ಲ ಬಂದಿರುತ್ತದೆ, ಆದರೆ ಹಳೆಯ ಫರ್ಮ್‌ವೇರಿಗೆ ಎನ್‌ಟಿಎಫ್‌ಎಸ್ ಓದಲು ಬಾರದೆ ಪೆನ್‌ಡ್ರೈವ್ ಮೆನುವಿನಲ್ಲೇ ಇರುವುದಿಲ್ಲ. ಇದಕ್ಕೆ ಪರಿಹಾರಗಳು ಹಲವು. ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಷನ್ ಟೂಲ್ ಹೆಚ್ಚು ಒತ್ತಿ ಕಿರಿದಾಗಿಸಿದ ಇನ್‌ಸ್ಟಾಲ್ ಡಾಟ್ ಇಎಸ್‌ಡಿ ಕಡತವನ್ನು ಬಳಸುತ್ತದೆ. ರೂಫಸ್ ಒಂದು ದೊಡ್ಡ ಎನ್‌ಟಿಎಫ್‌ಎಸ್ ಪಾರ್ಟಿಷನ್ನಿನ ಜೊತೆಗೆ, ಅದನ್ನು ಓದುವ ಚಾಲಕವನ್ನಿಟ್ಟ ಅತಿ ಸಣ್ಣ ಫ್ಯಾಟ್ ಪಾರ್ಟಿಷನ್ ಒಂದನ್ನು ಮಾಡುತ್ತದೆ. ಈ ಎರಡನೆಯ ಏರ್ಪಾಡು ಕೆಲವು ಹಳೆಯ ಫರ್ಮ್‌ವೇರುಗಳಲ್ಲಿ ತೊಡಕಾಗುವುದನ್ನು ನೋಡಿದ್ದೇನೆ. ಅಂಥಲ್ಲಿ ವಿಂಡೋಸಿನಲ್ಲಿಯೇ ಇರುವ ಡಿಸ್ಮ್ ಎಂಬ ಸಾಧನದ ‘ಸ್ಪ್ಲಿಟ್ ಇಮೇಜ್’ ಆದೇಶದಿಂದ ದೊಡ್ಡ ಕಡತವನ್ನು 3,800 ಎಂಬಿಯ ತುಂಡುಗಳಾಗಿ ಒಡೆದು, ಎಸ್‌ಡಬ್ಲ್ಯೂಎಂ ಹೆಸರಿನ ಆ ತುಂಡುಗಳನ್ನು ಸೋರ್ಸಸ್ ಫೋಲ್ಡರಿಗೆ ಹಾಕಿ, ಇಡೀ ಪೆನ್‌ಡ್ರೈವನ್ನು ಸರಳ ಫ್ಯಾಟ್32 ಆಗಿ ಇಟ್ಟುಕೊಳ್ಳುವುದೇ ನನಗೆ ಹೆಚ್ಚು ನಂಬಿಕೆಯ ದಾರಿ. ಸೆಟಪ್ ಈ ತುಂಡುಗಳನ್ನು ತಾನೇ ಜೋಡಿಸಿಕೊಳ್ಳುತ್ತದೆ.

ಎರಡನೆಯದು ಅರೆಬರೆ ಇಳಿದ ಐಎಸ್‌ಒ. ಇಳಿಸಿಕೊಂಡ ಕಡತದ ಎಸ್‌ಎಚ್‌ಎ-256 ಮೊತ್ತವನ್ನು (ಕಡತದ ಬೆರಳಚ್ಚಿನಂಥ ಸಂಖ್ಯೆ) ಸರ್ಟ್‌ಯುಟಿಲ್ ಆದೇಶದಿಂದ ತೆಗೆದು, ಡೌನ್‌ಲೋಡ್ ಪುಟದಲ್ಲಿ ಕೊಟ್ಟಿರುವ ಮೊತ್ತದೊಂದಿಗೆ ಹೋಲಿಸಲು ಹೆಚ್ಚು ಹೊತ್ತು ಬೇಕಿಲ್ಲ. ಮೂರನೆಯದು ನಕಲಿ ಪೆನ್‌ಡ್ರೈವ್: ಮೇಲೆ 64 ಜಿಬಿ ಎಂದು ಅಚ್ಚಾಗಿರುತ್ತದೆ, ಕಂಪ್ಯೂಟರೂ 64 ಎಂದೇ ತೋರಿಸುತ್ತದೆ, ಒಳಗಿರುವ ಚಿಪ್ ಮಾತ್ರ ಬಹಳ ಚಿಕ್ಕದು, ಅದರ ಸಾಮರ್ಥ್ಯ ಮೀರಿ ಬರೆದದ್ದು ಎಲ್ಲಿಯೂ ಉಳಿಯುವುದಿಲ್ಲ. ಬರೆಯುವಾಗ ದೋಷ ತೋರದೆ, ಓದುವಾಗ ಪ್ರತಿ ಸಲವೂ ಸುಮಾರು ಅದೇ ಜಾಗದಲ್ಲಿ ಕೈಕೊಡುವ ಪೆನ್‌ಡ್ರೈವನ್ನು ಎಚ್2ಟೆಸ್ಟ್‌ಡಬ್ಲ್ಯೂ ಅಥವಾ ಲಿನಕ್ಸಿನ ಎಫ್3 ತಂತ್ರಾಂಶದಿಂದ ಪರೀಕ್ಷಿಸಿದರೆ ನಿಜ ಹೊರಬರುತ್ತದೆ.

ಮೆನುವಿನಲ್ಲಿ ಪೆನ್‌ಡ್ರೈವ್ ಕಂಡು, ಆಯ್ದುಕೊಂಡ ಮೇಲೆ ಕೆಂಪು ಪೆಟ್ಟಿಗೆಯಲ್ಲಿ ‘ಸೆಕ್ಯೂರ್ ಬೂಟ್ ವಯೊಲೇಷನ್’ ಎಂದೋ ‘ಇನ್‌ವ್ಯಾಲಿಡ್ ಸಿಗ್ನೇಚರ್’ ಎಂದೋ ಬಂದರೆ, ಅದು ಎರಡನೆಯ ಹಂತದ ಸೋಲು, ಎಂದರೆ ಸಹಿಯದು. ಈ ತೊಡಕು ಈಚೆಗೆ ಹೆಚ್ಚುತ್ತಿದೆ, ಕಾರಣವೂ ಸ್ಪಷ್ಟವಿದೆ. ಫರ್ಮ್‌ವೇರುಗಳಲ್ಲಿ ಇಷ್ಟು ದಿನ ಇದ್ದದ್ದು ಮೈಕ್ರೋಸಾಫ್ಟಿನ 2011ರ ಪ್ರಮಾಣಪತ್ರಗಳು. ಅವುಗಳ ಅವಧಿ 2026ರಲ್ಲಿ ಮುಗಿಯುವಂಥದ್ದು. ಅವುಗಳ ಜಾಗಕ್ಕೆ 2023ರ ಪ್ರಮಾಣಪತ್ರಗಳು ಬರುತ್ತಿವೆ. ತಯಾರಕರು ಬಯಾಸ್ ಅಪ್‌ಡೇಟ್ ಕೊಡುವುದನ್ನೇ ನಿಲ್ಲಿಸಿರುವ ಹಳೆಯ ಯಂತ್ರಕ್ಕೆ ಹೊಸ ಪ್ರಮಾಣಪತ್ರದ ಪರಿಚಯವಿಲ್ಲದಿದ್ದರೆ, ಅದರಿಂದ ಸಹಿಯಾದ ಬೂಟ್ ಕಡತವನ್ನು ಅದು ನಿರಾಕರಿಸುತ್ತದೆ. ಇದಕ್ಕೆ ಉಲ್ಟಾ ಆಗುವುದೂ ಉಂಟು: ಭದ್ರತೆಯ ಕಾರಣಕ್ಕೆ ಹಳೆಯ ಬೂಟ್ ಕಡತಗಳನ್ನು ರದ್ದುಗೊಳಿಸಿಕೊಂಡ ಯಂತ್ರದಲ್ಲಿ, ಹೋದ ವರ್ಷ ಚೆನ್ನಾಗಿ ನಡೆದಿದ್ದ ಪೆನ್‌ಡ್ರೈವ್ ಈಗ ನಡೆಯುವುದಿಲ್ಲ. 2024ರ ಆಗಸ್ಟಿನಲ್ಲಿ ಬಂದ ವಿಂಡೋಸ್ ಅಪ್‌ಡೇಟ್ ಒಂದರ ನಂತರ ಬಹಳ ಜನರ ಲಿನಕ್ಸ್ ಪೆನ್‌ಡ್ರೈವ್‌ಗಳು ಎಸ್‌ಬ್ಯಾಟ್ ತಪಾಸಣೆ, ಎಂದರೆ ಬೂಟ್ ಕಡತ ರದ್ದಾದ ಹಳೆಯದಲ್ಲವೇ ಎಂದು ನೋಡುವ ತಪಾಸಣೆ, ವಿಫಲವಾಯಿತೆಂಬ ಸಂದೇಶ ತೋರಿಸಿ ಯಂತ್ರವನ್ನು ಆರಿಸಿಬಿಡುತ್ತಿದ್ದದ್ದು ಇದೇ ಜಾತಿಯ ತೊಂದರೆ. ಇನ್‌ಸ್ಟಾಲ್ ಮುಗಿಯುವವರೆಗೆ ಬಯಾಸಿನಲ್ಲಿ ಸೆಕ್ಯೂರ್ ಬೂಟ್ ಆರಿಸಿಡುವುದು ತಾತ್ಕಾಲಿಕ ದಾರಿ. ಡಿಸ್ಕಿನ ಮಾಹಿತಿಗೆ ಬೀಗ ಹಾಕುವ ಬಿಟ್‌ಲಾಕರ್ ಇರುವ ಯಂತ್ರದಲ್ಲಿ ಹೀಗೆ ಮಾಡಿದರೆ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಅದನ್ನು ಮೊದಲೇ ಬರೆದಿಟ್ಟುಕೊಳ್ಳದೆ ಸೆಕ್ಯೂರ್ ಬೂಟ್ ಮುಟ್ಟಲೇಬೇಡಿ.

ಬೂಟ್ ಶುರುವಾಗಿ, ವಿಂಡೋಸ್ ಲಾಂಛನ ಬಂದು, ಅಲ್ಲಿಂದ ಮುಂದೆ ಹೋಗದೆ ಯಂತ್ರ ಮರಳಿ ಮರಳಿ ಶುರುವಾಗುತ್ತಿದ್ದರೆ ಪ್ರೊಸೆಸರ್ ಯಾವುದೆಂದು ನೋಡಬೇಕು. ವಿಂಡೋಸ್ 11ರ 24ಎಚ್2 ಆವೃತ್ತಿಗೆ ಎಸ್‌ಎಸ್‌ಇ4.2 ಮತ್ತು ಪಾಪ್‌ಕೌಂಟ್ ಎಂಬ ಆಜ್ಞೆಗಳು ಪ್ರೊಸೆಸರಿನೊಳಗೇ ಇರಬೇಕು. ಕೋರ್ 2 ಡ್ಯುಯೊದಲ್ಲಿ ಇವಿಲ್ಲ. ಟಿಪಿಎಂ ತಪಾಸಣೆಯನ್ನು ದಾಟಿಹೋಗಲು ಉಪಾಯಗಳಿವೆ, ಸಿಲಿಕಾನಿನಲ್ಲೇ ಇಲ್ಲದ ಆಜ್ಞೆಗೆ ಉಪಾಯವಿಲ್ಲ. ಅದೇ ರೀತಿ 2014ರ ಸುಮಾರಿಗೆ ಬಂದ ಅಗ್ಗದ ಆಟಮ್ ಟ್ಯಾಬ್ಲೆಟ್‌ಗಳಲ್ಲಿ ಪ್ರೊಸೆಸರ್ 64 ಬಿಟ್‌ನದು, ಫರ್ಮ್‌ವೇರ್ ಮಾತ್ರ 32 ಬಿಟ್‌ನದು. ಅದು ಹುಡುಕುವುದು ಬೂಟ್‌ಐಎ32 ಎಂಬ ಕಡತವನ್ನು, ವಿಂಡೋಸ್ 11ರಲ್ಲಿ ಅದು ಇಲ್ಲವೇ ಇಲ್ಲ, ಏಕೆಂದರೆ 32 ಬಿಟ್ ವಿಂಡೋಸ್ 11 ಎಂಬುದೇ ಇಲ್ಲ. ಇವೆರಡೂ ಬಗೆಯ ಯಂತ್ರಗಳಿಗೆ ಲಿನಕ್ಸೇ ಯೋಗ್ಯ. ಈ ಬೆರಕೆ ಫರ್ಮ್‌ವೇರಿನ ಮೇಲೆ 64 ಬಿಟ್ ಲಿನಕ್ಸ್ ಓಡುವ ಸೌಲಭ್ಯ 2014ರ 3.15ನೇ ಕರ್ನೆಲಿನಿಂದಲೇ ಇದೆ, ಮತ್ತು ಕನ್ನಡ ಟೈಪಿಸುವವರಿಗೆ ನುಡಿಯ ಕೀಲಿಮಣೆ ವಿನ್ಯಾಸ ಲಿನಕ್ಸಿನ ಐಬಸ್ ಎಂಬ ಟೈಪಿಂಗ್ ಸಾಧನದಲ್ಲಿಯೂ ದೊರೆಯುತ್ತದೆ.

ತಮ್ಮನ ಯಂತ್ರಕ್ಕೆ ಮರಳೋಣ. ಯುಇಎಫ್‌ಐ ಹಾಕಿ, ಮೆನುವಿನಲ್ಲಿ ‘ಯುಇಎಫ್‌ಐ’ ಎಂದು ಮೊದಲಾಗುವ ಸಾಲನ್ನು ಆಯ್ದುಕೊಂಡಾಗ ಪೆನ್‌ಡ್ರೈವ್ ಒಮ್ಮೆಲೇ ಬೂಟ್ ಆಯಿತು. ಸ್ವಲ್ಪ ಹೊತ್ತಿನಲ್ಲಿ ಇನ್ನೊಂದು ಫೋಟೋ ಬಂತು: ‘ದಿಸ್ ಪಿಸಿ ಕಾಂಟ್ ರನ್ ವಿಂಡೋಸ್ 11’. ಅವನು ಮತ್ತೆ ಪೆನ್‌ಡ್ರೈವ್ ಬರೆಯಲೇ ಎಂದು ಕೇಳಿದ. ಬೇಡವೆಂದೆ. ಈ ಸಂದೇಶ ಬಂದಿದೆಯೆಂದರೆ ಪೆನ್‌ಡ್ರೈವ್ ತನ್ನ ಕೆಲಸವನ್ನು ಸರಿಯಾಗಿ ಮುಗಿಸಿದೆ ಎಂದೇ ಅರ್ಥ. ಸೆಟಪ್ ಯಂತ್ರವನ್ನು ಪರೀಕ್ಷಿಸಿ, ಟಿಪಿಎಂ ಕಾಣದೆ, ಬೇಡವೆನ್ನುತ್ತಿದೆ. ಅಲ್ಲಿಯೇ ಶಿಫ್ಟ್ ಮತ್ತು ಎಫ್10 ಒತ್ತಿದರೆ ಕಪ್ಪು ಆದೇಶ ಕಿಟಕಿ ತೆರೆಯುತ್ತದೆ, ಕೆಲವು ಲ್ಯಾಪ್‌ಟಾಪುಗಳಲ್ಲಿ ಜೊತೆಗೆ ಎಫ್‌ಎನ್ ಕೀಲಿಯನ್ನೂ ಹಿಡಿಯಬೇಕು. ವಿಂಡೋಸಿನ ಸೆಟ್ಟಿಂಗ್‌ಗಳ ಕಣಜವಾದ ರಿಜಿಸ್ಟ್ರಿಯನ್ನು ತೆರೆಯಲು ರೆಜ್‌ಎಡಿಟ್ ಎಂದು ಟೈಪಿಸಿ, ಎಚ್‌ಕೆಇವೈ ಲೋಕಲ್ ಮಷಿನ್, ಸಿಸ್ಟಂ, ಸೆಟಪ್ ಎಂಬಲ್ಲಿಗೆ ಹೋಗಿ, ಅದರಡಿ ಲ್ಯಾಬ್‌ಕಾನ್ಫಿಗ್ ಎಂಬ ಹೊಸ ಕೀ ಮಾಡಿ, ಅದರೊಳಗೆ ಬೈಪಾಸ್‌ಟಿಪಿಎಂಚೆಕ್, ಬೈಪಾಸ್‌ಸೆಕ್ಯೂರ್‌ಬೂಟ್‌ಚೆಕ್ ಎಂಬ ಎರಡು ಡಿವರ್ಡ್ (ಸಂಖ್ಯೆಯ ಬಗೆಯ) ಮೌಲ್ಯಗಳನ್ನು ಇಂಗ್ಲಿಷಿನಲ್ಲಿ, ನಡುವೆ ಜಾಗ ಬಿಡದೆ ಸೇರಿಸಿ, ಎರಡಕ್ಕೂ 1 ಎಂದು ಕೊಡಬೇಕು. ಕಿಟಕಿಗಳನ್ನು ಮುಚ್ಚಿ, ಸೆಟಪ್ಪಿನಲ್ಲಿ ಒಂದು ಹೆಜ್ಜೆ ಹಿಂದೆ ಹೋಗಿ ಮತ್ತೆ ಮುಂದುವರಿದರೆ ತಡೆ ಇರುವುದಿಲ್ಲ. ಒಂದು ವಿಷಯ ನೆನಪಿರಲಿ: ಈ ರಿಜಿಸ್ಟ್ರಿ ಇರುವುದು ರ್‍ಯಾಮಿಗೆ ಏರಿದ ಪುಟ್ಟ ವಿಂಡೋಸಿನದು. ಯಂತ್ರ ಮರುಚಾಲನೆಯಾದರೆ ನೀವು ಬರೆದದ್ದೆಲ್ಲ ಹೋಗುತ್ತದೆ, ಮತ್ತೆ ಬರೆಯಬೇಕು. ರೂಫಸ್ ಪೆನ್‌ಡ್ರೈವ್ ಮಾಡುವಾಗ ಕೇಳುವ, ಟಿಪಿಎಂ ಮತ್ತು ಸೆಕ್ಯೂರ್ ಬೂಟ್ ಅಗತ್ಯವನ್ನು ತೆಗೆಯುವ ಆಯ್ಕೆಯೂ ಇದೇ ಕೆಲಸವನ್ನು ಬೂಟ್ ಡಾಟ್ ವಿಮ್ ಒಳಗೇ ಮಾಡಿಡುತ್ತದೆ.

ಆಮೇಲೆ ಬಂದದ್ದು ಡಿಸ್ಕಿನ ತಕರಾರು. ಆಯ್ದ ಡಿಸ್ಕಿನಲ್ಲಿ ಎಂಬಿಆರ್ ಪಟ್ಟಿಯಿದೆ, ಇಎಫ್‌ಐ ಯಂತ್ರದಲ್ಲಿ ವಿಂಡೋಸನ್ನು ಜಿಪಿಟಿ ಡಿಸ್ಕಿನಲ್ಲಿ ಮಾತ್ರ ಹಾಕಬಹುದು ಎಂಬ ಸಂದೇಶ. ಇದೂ ಪೆನ್‌ಡ್ರೈವಿನ ತಪ್ಪಲ್ಲ. ಯುಇಎಫ್‌ಐ ಆರಿಸಿಕೊಂಡ ಮೇಲೆ ಇದು ಬಂದೇ ಬರುವಂಥದ್ದು. ಈಗ ಎರಡು ದಾರಿಗಳಿವೆ. ಒಂದು, ಅದೇ ಆದೇಶ ಕಿಟಕಿಯಲ್ಲಿ ಡಿಸ್ಕ್‌ಪಾರ್ಟ್ ಎಂಬ ಸಾಧನ ತೆರೆದು ಡಿಸ್ಕನ್ನು ಪೂರ್ತಿ ಒರೆಸಿ ಹೊಸದಾಗಿ ಜಿಪಿಟಿ ಮಾಡುವುದು. ಇನ್ನೊಂದು, ವಿಂಡೋಸ್ 10ರ 1703ನೇ ಆವೃತ್ತಿಯಿಂದ ಜೊತೆಗೇ ಬರುತ್ತಿರುವ ಎಂಬಿಆರ್2ಜಿಪಿಟಿ ಸಾಧನದಿಂದ ಮಾಹಿತಿ ಅಳಿಯದಂತೆ ಪರಿವರ್ತಿಸುವುದು. ಅದಕ್ಕೆ ಡಿಸ್ಕಿನಲ್ಲಿ ಮೂರಕ್ಕಿಂತ ಹೆಚ್ಚು ಪ್ರೈಮರಿ ಪಾರ್ಟಿಷನ್ ಇರಬಾರದು, ಎಕ್ಸ್‌ಟೆಂಡೆಡ್ ಪಾರ್ಟಿಷನ್ ಇರಲೇಬಾರದು. ಮೊದಲು ‘ವ್ಯಾಲಿಡೇಟ್’ ಎಂದು ಪರೀಕ್ಷಿಸಿ, ಸರಿಯೆಂದ ಮೇಲೆ ‘ಕನ್ವರ್ಟ್’ ಕೊಡಬೇಕು. ತಮ್ಮನ ಡಿಸ್ಕಿನಲ್ಲಿ ಡಿ, ಇ ಎಂದು ಎಕ್ಸ್‌ಟೆಂಡೆಡ್ ಪಾರ್ಟಿಷನ್ನಿನೊಳಗೆ ಭಾಗ ಮಾಡಿದ್ದರಿಂದ ಪರಿವರ್ತನೆ ಒಪ್ಪಲಿಲ್ಲ. ಪ್ರತಿ ಇದ್ದುದರಿಂದ ಒರೆಸುವ ದಾರಿಯನ್ನೇ ಹಿಡಿದೆವು.

ಒರೆಸುವಾಗ ಅವಸರ ಸಲ್ಲದು. ಡಿಸ್ಕ್‌ಪಾರ್ಟಿನಲ್ಲಿ ‘ಲಿಸ್ಟ್ ಡಿಸ್ಕ್’ ಎಂದು ಕೊಟ್ಟಾಗ ಬರುವ ಪಟ್ಟಿಯಲ್ಲಿ ಪೆನ್‌ಡ್ರೈವೂ ಒಂದು ಡಿಸ್ಕಾಗಿಯೇ ಇರುತ್ತದೆ, ಮತ್ತು ಒಳಗಿನ ಡಿಸ್ಕೇ ಯಾವಾಗಲೂ ಸೊನ್ನೆ ಸಂಖ್ಯೆಯದಾಗಿರಬೇಕೆಂದಿಲ್ಲ. ಅವನ ಪರದೆಯಲ್ಲಿ ಡಿಸ್ಕ್ 0 ಎದುರು 223 ಜಿಬಿ, ಡಿಸ್ಕ್ 1 ಎದುರು 14 ಜಿಬಿ ಇತ್ತು. ಬಲತುದಿಯ ಜಿಪಿಟಿ ಎಂಬ ಅಂಕಣದಲ್ಲಿ ಪೆನ್‌ಡ್ರೈವಿನ ಸಾಲಿಗೆ ಮಾತ್ರ ನಕ್ಷತ್ರದ ಗುರುತಿತ್ತು, ಎಸ್‌ಎಸ್‌ಡಿ ಸಾಲಿನಲ್ಲಿ ಅದು ಖಾಲಿ. ಗಾತ್ರವನ್ನೂ ನಕ್ಷತ್ರವನ್ನೂ ಅವನಿಂದ ಗಟ್ಟಿಯಾಗಿ ಓದಿಸಿ, ಪ್ರತಿ ಇಟ್ಟ ಹಾರ್ಡ್‌ಡಿಸ್ಕ್ ಯಂತ್ರಕ್ಕೆ ಸಿಕ್ಕಿಸಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ‘ಸೆಲೆಕ್ಟ್ ಡಿಸ್ಕ್ 0’, ‘ಕ್ಲೀನ್’, ‘ಕನ್ವರ್ಟ್ ಜಿಪಿಟಿ’ ಎಂದು ಒಂದೊಂದಾಗಿ ಹೇಳಿದೆ. ‘ಕ್ಲೀನ್’ ಎಂಬುದು ಮತ್ತೊಮ್ಮೆ ಕೇಳಿ ಖಾತ್ರಿ ಮಾಡಿಕೊಳ್ಳುವುದಿಲ್ಲ, ಒತ್ತಿದ ಕ್ಷಣವೇ ಪಟ್ಟಿ ಅಳಿಯುತ್ತದೆ. ಪುಟ್ಟ ವಿಂಡೋಸ್ ಯಾವ ವಿಧಾನದಲ್ಲಿ ಎದ್ದಿದೆ ಎಂಬ ಅನುಮಾನವಿದ್ದರೆ ಅದೇ ಕಿಟಕಿಯಿಂದ ರಿಜಿಸ್ಟ್ರಿಯ ಕರೆಂಟ್‌ಕಂಟ್ರೋಲ್‌ಸೆಟ್‌ನ ಕಂಟ್ರೋಲ್ ಕೀ ಒಳಗಿನ ಪಿಇಫರ್ಮ್‌ವೇರ್‌ಟೈಪ್ ಮೌಲ್ಯವನ್ನು ಕೇಳಬಹುದು: 1 ಬಂದರೆ ಲೆಗಸಿ, 2 ಬಂದರೆ ಯುಇಎಫ್‌ಐ.

ಕಡತಗಳು ಇಳಿದು ಯಂತ್ರ ಮೊದಲ ಬಾರಿಗೆ ಮರುಚಾಲನೆಯಾದಾಗ ಅವನಿಂದ ಕೊನೆಯ ಫೋಟೋ ಬಂತು: ಸೆಟಪ್ ಮತ್ತೆ ಮೊದಲಿನಿಂದ ಭಾಷೆ ಕೇಳುತ್ತಾ ನಿಂತಿತ್ತು. ಬೂಟ್ ಕ್ರಮದಲ್ಲಿ ಪೆನ್‌ಡ್ರೈವ್ ಮೇಲಿದ್ದುದರಿಂದ ಯಂತ್ರ ಅದನ್ನೇ ಮತ್ತೆ ಎಬ್ಬಿಸಿತ್ತು. ಯಂತ್ರ ಆರಿಸಿ, ಪೆನ್‌ಡ್ರೈವ್ ಕಿತ್ತು, ಮತ್ತೆ ಹಚ್ಚಿದಾಗ ಇನ್‌ಸ್ಟಾಲ್ ಬಿಟ್ಟಲ್ಲಿಂದ ಮುಂದುವರಿಯಿತು. ಆ ಪೆನ್‌ಡ್ರೈವನ್ನು ಅಳಿಸದೆ ಇಟ್ಟುಕೊಳ್ಳಲು ಹೇಳಿದ್ದೇನೆ, ಏಕೆಂದರೆ ಪಟ್ಟಿಯಲ್ಲಿಲ್ಲದ ಇಂಥ ಯಂತ್ರಗಳಿಗೆ ತಿಂಗಳ ಭದ್ರತಾ ಅಪ್‌ಡೇಟ್‌ಗಳು ಈವರೆಗೆ ನಾನು ನೋಡಿದಂತೆ ಬರುತ್ತಿದ್ದರೂ ಮೈಕ್ರೋಸಾಫ್ಟ್ ಅದಕ್ಕೆ ಭರವಸೆ ಕೊಟ್ಟಿಲ್ಲ. ವರ್ಷಕ್ಕೊಮ್ಮೆ ಬರುವ ಹೊಸ ಆವೃತ್ತಿ ತಾನಾಗಿ ಬರುವುದಿಲ್ಲ. ಅದನ್ನು ಹೊಸ ಐಎಸ್‌ಒ ಇಳಿಸಿಕೊಂಡು ಕೈಯಾರೆ ಹಾಕಬೇಕು.